ಮುಷ್ಟಿ ಬಿಚ್ಚಿಸುವ ಅಯ್ಯಮ್ಮ

ಬೆಳಗಿನ ಆರು ಗಂಟೆ. ಯಾದಗಿರಿಯ ಆಸ್ಪತ್ರೆಯೊಂದರ ಹಿಂಬದಿಯ ಕೋಣೆಯಲ್ಲಿ ಅಯ್ಯಮ್ಮ ಒಬ್ಬ ಹೆಂಗಸಿನ ತುರುಬು ಬಿಚ್ಚುತ್ತಿದ್ದಾರೆ. ಮೂರು ಹೇರ್‌ಪಿನ್ನು ಸಿಗುತ್ತವೆ. ಸೆರಗಿನಿಂದ ಎರಡು ಪಿನ್ನು, ಕಾಲುಂಗುರ ನಾಲ್ಕು, ತೋಳಿನಿಂದ ಒಂದು ತಾಯಿತ. ಕೊನೆಗೆ ತಾಳಿ. ಅದನ್ನು ತೆಗೆಯುವ ಮೊದಲೇ ಅರಿಶಿನದ ಕೊಂಬು ಕಟ್ಟಿದ ಹಳದಿ ದಾರ ಕೊರಳಿಗೆ ಬಿದ್ದಿರುತ್ತದೆ. ಎಲ್ಲವೂ ಹೆಸರು ಬರೆದ ಬಟ್ಟೆಚೀಲ ಸೇರುತ್ತವೆ.

‘ಒಂದು ಗಳಿಗಿನೂ ಕೊಳ್ಳ ಖಾಲಿ ಇರಬಾರದ್ರಿ. ಇದ್ದರ ಹೆಣ್ಣಮಕ್ಕಳು ಅಳ್ತಾರ’ ಎನ್ನುತ್ತಾರೆ ಅಯ್ಯಮ್ಮ.

ಪತ್ರಿಕೆಗೆ ಬರೆಯುವ ನಾನು ಬಂದದ್ದು ಇವರನ್ನು ನೋಡಲಿಕ್ಕಲ್ಲ, ಯಂತ್ರ ನೋಡಲಿಕ್ಕೆ. ಗರ್ಭಕೊರಳಿನ ಕ್ಯಾನ್ಸರಿಗೆ ಎಂಆರ್‌ಐ ನೋಡಿಕೊಂಡು ಒಳಗಿನಿಂದಲೇ ಕಿರಣ ಕೊಡುತ್ತಾರೆಂದು ಕೇಳಿದ್ದೆ. ಎಂಆರ್‌ಐಯೇ ಕಿರಣ ಕೊಡುತ್ತದೆ ಎಂದು ತಿಳಿದು ಅರ್ಧ ಪುಟ ಬರೆದೂ ಇದ್ದೆ. ಇಲ್ಲಿನ ಕ್ಯಾನ್ಸರ್ ವೈದ್ಯೆ ಡಾ. ಶಾಂಭವಿ ಅದನ್ನು ಓದಿ ನಕ್ಕು ಹೊಡೆದುಹಾಕಿದರು. ಎಂಆರ್‌ಐ ಎಂದರೆ ಭಾರೀ ಅಯಸ್ಕಾಂತ, ಅದು ಚಿತ್ರವನ್ನಷ್ಟೇ ತೆಗೆಯುತ್ತದೆ. ಮೊದಲು ಸೊಂಟದ ಕೆಳಗೆ ಮರಗಟ್ಟಿಸಿ ಗರ್ಭದೊಳಗೆ ನಳಿಕೆ ಇಡುತ್ತಾರೆ. ನಳಿಕೆ ಇದ್ದಂತೆಯೇ ಚಿತ್ರ ತೆಗೆಯುತ್ತಾರೆ. ಗಡ್ಡೆ ಎಲ್ಲಿದೆ, ಮುಂದಿನ ಮೂತ್ರಕೋಶ, ಹಿಂದಿನ ಕರುಳು ಎಷ್ಟು ದೂರ ಎಂದು ಅಳೆಯುತ್ತಾರೆ. ಆಮೇಲೆ ಪಕ್ಕದ ಕೋಣೆಯಲ್ಲಿ ಆ ನಳಿಕೆಯ ಮೂಲಕ ಕಿರಣ. ಒಬ್ಬರಿಗೆ ಹೀಗೆ ನಾಲ್ಕು ಸಲ. ಇಷ್ಟು ತಿಳಿಯಲು ನನಗೆ ಎರಡು ದಿನ ಹಿಡಿಯಿತು.

ಅಯ್ಯಮ್ಮನ ಕೆಲಸ ಏನೆಂಬುದು ಮಾತ್ರ ಮೂರನೆಯ ದಿನವೂ ಸರಿಯಾಗಿ ತಿಳಿಯಲಿಲ್ಲ. ಹಾಜರಿ ಪುಸ್ತಕದಲ್ಲಿ ‘ಸ್ವಚ್ಛತೆ’ ಎಂದಿದೆ. ನೆಲ ಒರೆಸುವುದನ್ನು ನಾನು ಒಮ್ಮೆಯೂ ನೋಡಲಿಲ್ಲ. ಸುರಪುರದ ತವರು, ಮುದನಾಳದ ಗಂಡನ ಮನೆ, ನಲವತ್ತೆಂಟು ವರ್ಷ, ಐದನೆಯ ತರಗತಿ. ಹತ್ತಿ ಬಿಡಿಸುತ್ತಿದ್ದವರು ಆರು ವರ್ಷದ ಹಿಂದೆ ಕಸ ಗುಡಿಸಲು ಬಂದರು. ಈಗ ದಿನಕ್ಕೆ ಇಬ್ಬರು, ಕೆಲವೊಮ್ಮೆ ಮೂವರು ಹೆಂಗಸರ ಮೈಮೇಲಿನ ಲೋಹ ಇಳಿಸುತ್ತಾರೆ, ಅಯಸ್ಕಾಂತದ ಕೋಣೆಯೊಳಗೂ ಅವರ ಜೊತೆ ಹೋಗಿ ಪಾದ ಹಿಡಿದು ನಿಲ್ಲುತ್ತಾರೆ. ಹಾಗಾಗಿ ಅಯ್ಯಮ್ಮನ ಮೈಮೇಲೂ ಲೋಹವಿಲ್ಲ.

‘ಗಂಡ ಗಟ್ಟಿ ಇದ್ದಾನ, ಕಾಲಾಗ ಉಂಗುರ ಇಲ್ಲ ಅಂತ ಓಣ್ಯಾಗ ಆಡ್ಕೋತಾರ್ರಿ. ಎಷ್ಟ್ ಮಂದಿಗಿ ತಿಳಿಸಿ ಹೇಳಲಿ? ಸುಮ್ನ ಆಗೀನಿ.’

ಬೆಳಿಗ್ಗೆ ಅಯ್ಯಮ್ಮ ತುರುಬು ಬಿಚ್ಚಿದ ಹೆಂಗಸು ಭಾಗ್ಯ, ಭೀಮರಾಯನಗುಡಿಯ ಆಚೆಯ ಹಳ್ಳಿಯವರು. ಹೆಸರು ಬದಲಿಸಿದ್ದೇನೆ. ಇದು ನಾಲ್ಕನೆಯ, ಕೊನೆಯ ಸರದಿ. ಜ್ವರ ಬಂದು ಎರಡು ಸಲ ಮುಂದಕ್ಕೆ ಹೋಗಿದೆ. ‘ಒಟ್ಟು ಚಿಕಿತ್ಸೆ ಎಂಟು ವಾರದೊಳಗೆ ಮುಗಿಯಬೇಕು. ಇವರಿಗೆ ಉಳಿದಿರುವುದು ಇವತ್ತು, ನಾಳೆ. ನಾಳೆ ಅರಿವಳಿಕೆಯ ವೈದ್ಯರಿಲ್ಲ’ ಎನ್ನುತ್ತಾರೆ ಡಾ. ಶಾಂಭವಿ. ಎಂದರೆ ಇವತ್ತೊಂದೇ ದಿನ.

ನಳಿಕೆ ಇಟ್ಟು ಭಾಗ್ಯ ಅವರನ್ನು ತಳ್ಳುಗಾಡಿಯಲ್ಲಿ ಹೊರಗೆ ತರುತ್ತಾರೆ. ಅವರ ತಾಯಿ ಬಸ್ಸಮ್ಮ ಓಡಿಬಂದು ಮಗಳ ಕೈ ಹಿಡಿಯುತ್ತಾರೆ, ಹೊದಿಕೆ ಸರಿಪಡಿಸುತ್ತಾರೆ. ಅಯಸ್ಕಾಂತದ ಬಾಗಿಲಲ್ಲಿ ಅಯ್ಯಮ್ಮ ಗಾಡಿ ನಿಲ್ಲಿಸುತ್ತಾರೆ.

‘ತಂಗಿ, ಎರಡೂ ಮುಷ್ಟಿ ಬಿಚ್ಚು.’

ಎಡಗೈ ಬಿಚ್ಚುತ್ತದೆ. ಬಲಗೈ ಬಿಚ್ಚುವುದಿಲ್ಲ.

ಲೋಹ ಹುಡುಕುವ ಕೋಲೊಂದು ಇದೆ. ಆದರೆ ಅದು ಅಯಸ್ಕಾಂತ ಎಳೆಯದ ಲೋಹದಿಂದ ಮಾಡಿದ ಒಳಗಿನ ನಳಿಕೆಗೂ ಕೂಗುತ್ತದೆ, ಹಾಗಾಗಿ ಅಯ್ಯಮ್ಮನ ಮಾತೇ ಗತಿ. ಎರಡು ವರ್ಷದ ಹಿಂದೆ ಇದೇ ಬಾಗಿಲಲ್ಲಿ ಒಬ್ಬರು ಮುಷ್ಟಿಯಲ್ಲಿ ಬಚ್ಚಿಟ್ಟ ಮೊಳೆ ಒಳಗೆ ಹೋದೊಡನೆ ಹಾರಿ ಯಂತ್ರಕ್ಕೆ ಕಚ್ಚಿತ್ತು. ಯಾರಿಗೂ ತಾಗಲಿಲ್ಲ. ಆದರೆ ಆಕೆ ಬೆಚ್ಚಿ ಮೇಲೆದ್ದು ನಳಿಕೆ ಜರುಗಿತು, ಅಂದಿನ ಸರದಿ ಹಾಳಾಯಿತು. ಮುಷ್ಟಿ ಬಿಚ್ಚಿಸುವುದು ಅಂದಿನಿಂದ ಶುರುವಾಗಿದೆ.

ಭಾಗ್ಯ ಅವರ ಮುಷ್ಟಿಯಲ್ಲಿರುವುದು ಕುಡುಗೋಲಿನ ಮುರಿದ ತುದಿ. ಬಸ್ಸಮ್ಮ ಈಗಷ್ಟೇ ತುರುಕಿದ್ದು. ಬಾಣಂತಿಯ ತಲೆದಿಂಬಿನ ಕೆಳಗೆ ಕಬ್ಬಿಣ ಇಡುವ ಕಡೆಯವರು ಇವರು.

‘ನೆತ್ತರ ಹೋಗೋ ಹೆಂಗಸ್ರಿ. ಕಬ್ಬಿಣ ಕೈ ಬಿಟ್ಟರ ಗಾಳಿ ಬಡೀತದ’ ಎನ್ನುತ್ತಾರೆ ಬಸ್ಸಮ್ಮ. ಭಾಗ್ಯ ಕಣ್ಣು ಮುಚ್ಚಿದ್ದಾರೆ. ಕಸಿದುಕೊಳ್ಳುವಂತಿಲ್ಲ, ಕೊಸರಿದರೆ ನಳಿಕೆ ಜರುಗುತ್ತದೆ. ತಂತ್ರಜ್ಞ ಅರುಣಕುಮಾರ ಗಡಿಯಾರ ನೋಡುತ್ತಾರೆ. ನನಗೆ ಬಸ್ಸಮ್ಮನ ಮೇಲೆ ಸಿಟ್ಟು ಬರುತ್ತದೆ, ಮರುಕ್ಷಣ ಪಾಪ ಎನಿಸುತ್ತದೆ.

ಅಯ್ಯಮ್ಮ ಬಗ್ಗಿ ಮೆಲ್ಲಗೆ ಹೇಳುತ್ತಾರೆ: ‘ತಂಗಿ, ಒಳಗಿರೋದು ಏನಂತ ತಿಳಿದಿ? ಕಬ್ಬಿಣ ಎಲ್ಲಿದ್ದರೂ ಜಗ್ಗೋದು ಅದು. ಕಬ್ಬಿಣದ ದೊರಿ. ಅದರ ಹೊಟ್ಟ್ಯಾಗ ಮಲಗಿದಾಕಿ ಹತ್ರ ಯಾವ ಗಾಳಿ ಬರತದ? ಈ ಚೂರು ನನ್ ಕೈಯಾಗ ಕೊಡು. ನಿಮ್ಮವ್ವ ಇಲ್ಲೇ ಹಿಡ್ಕೊಂಡು ಕೂಡ್ತಾಳ.’

ಭಾಗ್ಯ ಕಣ್ಣು ತೆರೆಯುತ್ತಾರೆ. ಮುಷ್ಟಿ ಬಿಚ್ಚುತ್ತದೆ.

ನನಗೆ ತಲೆ ಕೆಡುತ್ತದೆ. ಇದು ಮೂಢನಂಬಿಕೆಗೆ ನೀರೆರೆದಂತಲ್ಲವೇ? ಡಾ. ಶಾಂಭವಿಯನ್ನು ಕೇಳಿದರೆ, ‘ನನಗೂ ಇರಿಸುಮುರಿಸೇ. ಆದರೆ ನಾನು ಹೇಳಿದ್ದರೆ ಮುಷ್ಟಿ ಬಿಚ್ಚುತ್ತಿರಲಿಲ್ಲ’ ಎನ್ನುತ್ತಾರೆ. ಚಿತ್ರ ತೆಗೆದಾದ ಮೇಲೆ ಹೊರಬಂದ ಅಯ್ಯಮ್ಮನನ್ನೂ ಕೇಳುತ್ತೇನೆ, ಹೇಳಿದ್ದು ನಿಜವೇ ಎಂದು.

‘ಖರೆ ಏನೋ, ಸುಳ್ಳು ಏನೋ, ನನಗೂ ತಿಳಿದಿಲ್ರಿ. ನಿಮಗ ತಿಳಿದದೇನು?’

ಮಾತು ಬದಲಿಸಲು, ನಿಮಗೇನಾದರೂ ಆಸೆ ಇದೆಯೇ ಎನ್ನುತ್ತೇನೆ. ‘ಸ್ವಚ್ಛತೆ’ಯ ಬದಲು ಬೇರೆ ಹುದ್ದೆಯ ಹೆಸರು ಕೇಳುತ್ತಾರೆಂದುಕೊಂಡಿದ್ದೆ.

‘ಇಷ್ಟು ಮಂದೀನ ಒಳಗ ಕಳಿಸೀನ್ರಿ. ಆ ಫೋಟೋ ಒಂದಿನಾನೂ ನೋಡಿಲ್ಲ. ಗಡ್ಡಿ ಹ್ಯಾಂಗಿರತದ ಅಂತ ಒಮ್ಮಿ ನೋಡಬೇಕನಸ್ತದ.’

ಇದು ಡಾ. ಶಾಂಭವಿಯ ಕಿವಿಗೆ ಬೀಳುತ್ತದೆ. ಭಾಗ್ಯ ಅವರ ಒಪ್ಪಿಗೆ ಕೇಳಿ ಬಂದು ಅರುಣಕುಮಾರರಿಗೆ ಹೇಳುತ್ತಾರೆ. ಅವರು ಪರದೆಯ ಮೇಲೆ ಎರಡು ಚಿತ್ರ ಅಕ್ಕಪಕ್ಕ ಇಡುತ್ತಾರೆ. ಮೊದಲನೆಯದು ಚಿಕಿತ್ಸೆ ಶುರುವಾಗುವ ಮುಂಚಿನದು. ಅದರ ನಡುವೆ ನಿಂಬೆಹಣ್ಣಿನಷ್ಟು ಬೂದು ಗಡ್ಡೆ, ನನಗೂ ಕಾಣುವಂತೆ. ಎರಡನೆಯದು ಇಂದಿನದು. ಅಯ್ಯಮ್ಮ ಪರದೆಗೆ ಮುಖ ಹತ್ತಿಸಿ, ಮೇಲಿಂದ ಕೆಳಗೆ ಬೆರಳಾಡಿಸುತ್ತಾರೆ. ಮತ್ತೆ ಮೇಲಿಂದ ಶುರುಮಾಡುತ್ತಾರೆ. ಗೊಂದಲದಿಂದ ಹುಬ್ಬು ಗಂಟಾಗುತ್ತದೆ.

‘ಇದರಾಗ ಎಲ್ಲದರಿ ಸರ?’

‘ಅದೇ ಜಾಗದಾಗ ಇತ್ತು ಅಯ್ಯಮ್ಮಕ್ಕ. ಈಗ ಇಲ್ಲ.’

ಹಾಗೆಂದು ಗೆದ್ದೆವು ಎನ್ನುವಂತಿಲ್ಲ ಎಂದು ಡಾ. ಶಾಂಭವಿ ನನಗೆ ಎಚ್ಚರಿಸುತ್ತಾರೆ. ಕಣ್ಣಿಗೆ ಕಾಣದ್ದು ಉಳಿದಿರಬಹುದು, ಅದಕ್ಕೇ ಇಂದಿನ ಕಿರಣ ಬೇಕೇ ಬೇಕು, ಮೂರು ತಿಂಗಳಿಗೆ ಮತ್ತೆ ನೋಡಬೇಕು. ನಾನು ಬರೆದುಕೊಳ್ಳುತ್ತೇನೆ. ಹನ್ನೊಂದೂವರೆಗೆ ಭಾಗ್ಯ ಅವರಿಗೆ ಕಿರಣ ಕೊಟ್ಟು, ನಳಿಕೆ ತೆಗೆದು, ವಾರ್ಡಿಗೆ ಕಳಿಸುತ್ತಾರೆ.

ಬಸ್ಸಮ್ಮ ಕಬ್ಬಿಣದ ಚೂರು ಹಿಡಿದು ಬಾಗಿಲ ಬಳಿ ಎದ್ದು ನಿಂತಿದ್ದಾರೆ. ಏನಾಯಿತೆಂದು ಅಯ್ಯಮ್ಮನ ಮುಖವನ್ನೇ ನೋಡುತ್ತಾರೆ. ಅಯ್ಯಮ್ಮ ಹತ್ತಿರ ಹೋಗಿ ಆ ಮುದುಕಿಯ ಹೆಗಲ ಮೇಲೆ ಕೈ ಇಡುತ್ತಾರೆ.

‘ಗಡ್ಡಿ ಎರಡ್ ಸರ್ತಿ ಹುಡುಕೀನಿ ಯವ್ವಾ. ನನಗ ಸಿಗಲಿಲ್ಲ.’