ಅರಳೆ ತುಂಬಿದ ಕೋಟು

ಸಂಸ್ಥಾನಗಳೆಲ್ಲ ವಿಲೀನವಾದ ಮೇಲಿನ ಮೊದಲ ಚಳಿಗಾಲದಲ್ಲಿ ನನಗೆ ಭೂಮಿ ಅಳೆಯುವ ಮೋಜಣಿ ಕಚೇರಿಯಲ್ಲಿ ಕಾರಕೂನನ ಕೆಲಸ ಸಿಕ್ಕಿತು. ಅಲ್ಲಿಯವರೆಗೆ ಶಿರಹಟ್ಟಿ ಒಬ್ಬ ರಾಜರದು, ಲಕ್ಷ್ಮೇಶ್ವರ ಇನ್ನೊಬ್ಬರದು, ಗದಗ ಮುಂಡರಗಿ ಮುಂಬಯಿ ಸರ್ಕಾರದ್ದು. ಈಗ ಎಲ್ಲವೂ ಒಂದೇ ಸರ್ಕಾರದ ಕೆಳಗೆ ಬಂದು, ನಡುವೆ ನಿಂತಿದ್ದ ಗಡಿಕಲ್ಲುಗಳಿಗೆ ಕೆಲಸವಿಲ್ಲದಂತಾಗಿತ್ತು. ಆದ್ದರಿಂದ ಅವನ್ನು ಒಂದೊಂದಾಗಿ ನೋಡಿ ಪಟ್ಟಿ ಮಾಡಬೇಕೆಂದು ಮೇಲಿನಿಂದ ಹುಕುಂ ಬಂತು.

ನನ್ನ ಜೊತೆಗೆ ಕೊಟ್ಟವರು ಶಿಗ್ಲಿಯ ಒಬ್ಬ ಹಿರಿಯ ಜವಾನರು. ಸಂಸ್ಥಾನದ ಕಾಲದಲ್ಲಿ ಅದೇ ಕಲ್ಲುಗಳಿಗೆ ವರ್ಷಕ್ಕೊಮ್ಮೆ ಸುಣ್ಣ ಹಚ್ಚುತ್ತಿದ್ದವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಬುತ್ತಿ, ಹಿಟ್ಟು, ಹಾಸಿಗೆ, ಕಲ್ಲುಗಳ ಪಟ್ಟಿ ಬರೆಯುವ ದಫ್ತರ ಎಲ್ಲವನ್ನೂ ಬೆನ್ನಿಗೆ ಕಟ್ಟಿಕೊಂಡು ವಾರಗಟ್ಟಲೆ ಕಪ್ಪತಗುಡ್ಡದಲ್ಲಿ ನಡೆಯುವುದು ನಮ್ಮ ನೌಕರಿ.

ಗುಡ್ಡದ ಗಾಳಿಯ ಸುದ್ದಿ ಕೇಳಿ ನನ್ನ ತಾಯಿ ಗಾಬರಿಯಾದಳು. ನಮ್ಮದು ಬೆಟಗೇರಿಯಲ್ಲಿ ಮಗ್ಗದ ಮನೆ. ಸೀರೆಗೆಂದು ನೇಯ್ದು ಯಾರೂ ಕೊಳ್ಳದೆ ಉಳಿದಿದ್ದ ಕುಂಕುಮ ಬಣ್ಣದ ಒಂದು ತುಂಡನ್ನು ತೆಗೆದುಕೊಂಡು ಅವಳು ಓಣಿಯ ಕೊನೆಯ ಪಿಂಜಾರ ಚಾಚಾನ ಹತ್ತಿರ ಹೋದಳು. ಅವನು ಹತ್ತಿ ಹಿಂಜಿ ಗಾದಿ ತುಂಬುವವನು. ಕೋಟು ಎಂದೂ ಹೊಲಿದವನಲ್ಲ. ತೋಳಿರುವ ಸಣ್ಣ ಗಾದಿ ಎಂದು ತಿಳಿದು ಹೊಲಿದುಕೊಟ್ಟ. ಹಾಗೆಯೇ ಕಾಣುತ್ತಿತ್ತು.

ಕೊಡುವಾಗ ಚಾಚಾ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ: "ಗುಡ್ಡ ಹತ್ತುವಾಗ ಇದನ್ನ ಹಾಕ್ಕೋಬ್ಯಾಡ. ಬೆವರು ಅರಳಿಗೆ ಆಗಂಗಿಲ್ಲ. ಹತ್ತಿದ ಮ್ಯಾಲ, ಕುಂತಾಗ ಹಾಕ್ಕೋ. ಚೀಲದಾಗ ಒತ್ತಿ ತುರುಕಬ್ಯಾಡ. ಬೆಂಕಿ ಹತ್ರ ಹೋಗಬ್ಯಾಡ. ದಿನಾ ಒಂದು ತಾಸು ಬಿಸಲಿಗೆ ಹರವು."

"ಒಗಿಯೂದು ಹೆಂಗ?" ಎಂದು ತಾಯಿ ಕೇಳಿದಳು.

"ಒಗಿಯೂದಿಲ್ಲ."

"ಹೊಲಸಾದ್ರ?"

"ಆಗಲಿ ಬಿಡ್ರಿ."

ತಾಯಿಗೆ ಈ ಮಾತು ಹಿಡಿಸಲಿಲ್ಲ. ಚಾಚಾನ ಮನೆಯ ಸ್ವಚ್ಛತೆಯ ಬಗ್ಗೆ ಅವಳಿಗೆ ಅಂದಿನವರೆಗೂ ಒಳ್ಳೆಯ ಅಭಿಪ್ರಾಯವಿತ್ತು.

ಮೊದಲ ತಿರುಗಾಟದಲ್ಲಿ ನಾನು ಗುಡ್ಡದ ಬುಡದ ಡೋಣಿ ಎಂಬ ಊರಿನಿಂದಲೇ ಕೋಟು ತೊಟ್ಟು ಹೊರಟೆ. ಊರಿನ ಜನ ಕಟ್ಟೆಯ ಮೇಲಿಂದ ನೋಡಿದರು. "ಗಾದಿ ತೊಟ್ಕೊಂಡು ಯಾರೋ ಸರಕಾರದವ್ರು ಬಂದಾರ" ಎಂದು ಒಬ್ಬ ಇನ್ನೊಬ್ಬನಿಗೆ ಮಾಹಿತಿ ಕೊಟ್ಟ. ಅರ್ಧ ಗುಡ್ಡ ಏರುವಷ್ಟರಲ್ಲಿ ಬೆನ್ನೆಲ್ಲ ತೊಯ್ದುಹೋಯಿತು. ಕಾಕಾ ಕಂಬಳಿಯನ್ನು ಮಡಚಿ ಹೆಗಲಿಗೆ ಹಾಕಿಕೊಂಡು ಬರೀ ಅಂಗಿಯಲ್ಲಿ ಏರುತ್ತಿದ್ದರು. ಮೇಲೆ ತಲುಪಿ ಗಾಳಿ ಬೀಸಿದಾಗ ಅವರು ಕಂಬಳಿ ಹೊದ್ದರು. ನನಗೆ ಹೊಸದಾಗಿ ಹಾಕಿಕೊಳ್ಳಲು ಏನೂ ಉಳಿದಿರಲಿಲ್ಲ. ಒದ್ದೆ ಅರಳೆ ಮೈಗೆ ಅಂಟಿ, ಕೋಟು ಹಾಕಿಕೊಂಡದ್ದಕ್ಕೇ ನಡುಗಿದೆ.

ಸಂಜೆ ಒಣಗಿಸಲೆಂದು ಒಲೆಯ ಹತ್ತಿರ ಕುಳಿತೆ. ಕಾಕಾ ರೊಟ್ಟಿ ತಟ್ಟುತ್ತಿದ್ದರು. ಸ್ವಲ್ಪ ಹೊತ್ತಿಗೆ ತಲೆ ಎತ್ತಿ ನೋಡಿ, "ಸಾಹೇಬ್ರ, ನಿಮ್ಮ ಹೊಟ್ಟಿಯಿಂದ ಹೊಗಿ ಬರಾಕತ್ತೈತಿ" ಎಂದರು. ಕಿಡಿ ಸಿಡಿದು ಒಳಗಿನ ಅರಳೆ ಸದ್ದಿಲ್ಲದೆ ಹೊಗೆಯಾಡುತ್ತಿತ್ತು. ಅವರು ಕುಡಿಯುವ ನೀರನ್ನೇ ಸುರಿದರು. ರೊಟ್ಟಿ ಹೊತ್ತಬಾರದೆಂದು ಮತ್ತೆ ಹಂಚಿನ ಕಡೆ ತಿರುಗಿದರು.

ಮರುದಿನ ಬೇಸರದಿಂದ ಕೋಟನ್ನು ಸುತ್ತಿ ಹಿಟ್ಟಿನ ಡಬ್ಬಿಯ ಕೆಳಗೆ ತುರುಕಿದೆ. ಎಂಟು ದಿನ ಅಲ್ಲೇ ಇತ್ತು. ತೆಗೆದಾಗ ಹಪ್ಪಳದಂತೆ ಚಪ್ಪಟೆಯಾಗಿತ್ತು. ಅರಳೆಯೆಲ್ಲ ಕೆಳಗಿಳಿದು ನಡುವಿನ ಸುತ್ತ ಗಂಟಾಗಿತ್ತು. ಬೆನ್ನಿಗೆ ಬರೀ ಎರಡು ಪದರು ಬಟ್ಟೆ. ಉಳಿದ ದಿನಗಳನ್ನು ಕಾಕಾನ ಕಂಬಳಿಯ ಅರ್ಧದಲ್ಲಿ ಕಳೆದೆ.

ಬೆಟಗೇರಿಗೆ ಬಂದ ಮೇಲೆ ಚಾಚಾ ಕೋಟನ್ನು ಮೂಸಿ ನೋಡಿದ, ಸುಟ್ಟ ತೂತಿನಲ್ಲಿ ಬೆರಳು ಹಾಕಿ ನೋಡಿದ. "ಬ್ಯಾಡ ಅಂದಿದ್ದೆಲ್ಲಾ ಮಾಡೀಯಪಾ. ಒಗಿಯೂದೊಂದು ಉಳಿಸೀದಿ" ಎಂದ. ಹೊಲಿಗೆ ಬಿಚ್ಚಿ, ಅರಳೆ ತೆಗೆದು ಬಿಲ್ಲಿನಿಂದ ಮತ್ತೆ ಹಿಂಜಿದ. ಈ ಸಲ ಅರಳೆ ಜಾರದಂತೆ ಚೌಕ ಚೌಕವಾಗಿ ಹೊಲಿದ.

ಆಮೇಲೆ ನಾನು ಬುದ್ಧಿವಂತನಾದೆ. ಏರುವಾಗ ಕೋಟು ಚೀಲದ ಮೇಲೆ ಸಡಿಲಾಗಿ ಇರುತ್ತಿತ್ತು, ಕೂತಾಗ ಮೈಮೇಲೆ, ಬಿಸಿಲು ಬಂದಾಗ ಗಡಿಕಲ್ಲಿನ ಮೇಲೆ. ಆ ಕಲ್ಲುಗಳಿಂದ ಹೊಸ ಸರ್ಕಾರದಲ್ಲಿ ಆದ ಉಪಯೋಗ ಅದೊಂದೇ.

ಎರಡನೆಯ ವರ್ಷ ಹಿಂಗಾರಿ ಮಳೆ ತಡವಾಗಿ ಬಂತು. ನಾವು ಗುಡ್ಡದ ನೆತ್ತಿಯಲ್ಲಿದ್ದಾಗ ಹನಿ ಶುರುವಾಯಿತು. ಕಾಕಾ ಮುಂಜಾನೆಯಿಂದ ಮೈನೋವು ಎನ್ನುತ್ತಿದ್ದರು, ಮುಖ ಬಾಡಿತ್ತು. ನಮ್ಮ ಹತ್ತಿರ ನೀರು ಒಳಬಿಡದ ಬಟ್ಟೆ ಇದ್ದದ್ದು ಒಂದೇ ಮೇಣಗಪ್ಪಡ. ಅದು ದಫ್ತರ ಸುತ್ತಲು ಕಚೇರಿಯಿಂದ ಕೊಟ್ಟದ್ದು. ನಾನು ಕಾಕಾನ ಮುಖ ನೋಡಿದೆ, ದಫ್ತರ ಹೊರಗೆ ತೆಗೆದೆ, ಮೇಣಗಪ್ಪಡದಲ್ಲಿ ಕೋಟು ಸುತ್ತಿದೆ. ದಫ್ತರವನ್ನು ಅಂಗಿಯೊಳಗೆ ಇಟ್ಟುಕೊಂಡೆ. ಅಂಗಿ ಮಳೆಯನ್ನು ತಡೆಯುವುದಿಲ್ಲವೆಂದು ನನಗೆ ಗೊತ್ತಿತ್ತು.

ಬಂಡೆಯ ಮರೆ ಸೇರುವಷ್ಟರಲ್ಲಿ ಕಾಕಾಗೆ ಚಳಿಜ್ವರದ ನಡುಕ ಬಂತು. ಹಲ್ಲು ಕಟಕಟ ಎನ್ನುತ್ತಿದ್ದವು. ತೊಯ್ದ ಅಂಗಿ ತೆಗೆದು, ಒಣ ಕೋಟು ತೊಡಿಸಿ, ಮೇಲೆ ಕಂಬಳಿ ಹೊದಿಸಿದೆ.

"ದಫ್ತರ ಎಲ್ಲೈತ್ರಿ?" ಎಂದು ಅವರು ಕೇಳಿದರು.

"ಐತಿ ಕಾಕಾ. ಸುಮ್ಮನಿರ್ರಿ."

ನಡುಕ ನಿಲ್ಲುವವರೆಗೆ ಅವರ ಕೈ ಹಿಡಿದು ಕೂತೆ. ನನಗೆ ಭಯವಾಗಿತ್ತು. ಅವರು ಸತ್ತರೆ ಶಿಗ್ಲಿಗೆ ಹೋಗಿ ಏನು ಹೇಳಲಿ ಎಂಬುದನ್ನು ಎರಡು ಮೂರು ರೀತಿಯಲ್ಲಿ ಮನಸ್ಸಿನಲ್ಲಿ ಹೇಳಿ ನೋಡಿದೆ. ಯಾವುದೂ ಸರಿಬರಲಿಲ್ಲ. ಮಳೆ ನಿಂತ ಮೇಲೆ ಅವರನ್ನು ಹೆಗಲಿಗೆ ಆನಿಸಿಕೊಂಡು ಡೋಣಿಗೆ ಇಳಿದೆ. ಅಲ್ಲಿ ಒಬ್ಬರ ಮನೆಯಲ್ಲಿ ಗಂಜಿ ಕೊಟ್ಟರು, ಮಾರನೆಯ ದಿನ ಚಕ್ಕಡಿ ಹೂಡಿ ಶಿಗ್ಲಿಗೆ ಮುಟ್ಟಿಸಿದರು. ಕೋಟು ಅವರ ಮೈಮೇಲೆಯೇ ಹೋಯಿತು.

ದಫ್ತರ ಒಣಗಿಸಿ ನೋಡಿದೆ. ಮಸಿಯೆಲ್ಲ ಹರಡಿ, ಮೂರು ಹಳೆಯ ರಾಜ್ಯಗಳು ಒಂದೇ ನೀಲಿ ಕಲೆಯಾಗಿದ್ದವು.

ಮೂರು ವಾರ ಬಿಟ್ಟು ಶಿಗ್ಲಿಗೆ ಹೋದೆ. ಕಾಕಾ ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದರು. ದಫ್ತರದ ಸ್ಥಿತಿ ಹೇಳಿದೆ, ಕಾರಣವನ್ನೂ ಹೇಳಿದೆ. ಸರ್ಕಾರದ ಕಾಗದವನ್ನು ತಮಗಿಂತ ಹಿಂದೆ ಹಾಕಿದ್ದು ಅವರಿಗೆ ಸರಿ ಕಂಡಿರಲಿಲ್ಲ. ಆದರೂ "ಬರ್ಕೋರಿ" ಎಂದರು. ಕಣ್ಣು ಮುಚ್ಚಿಕೊಂಡು ಮೊದಲ ಕಲ್ಲಿನಿಂದ ಹಿಡಿದು ಹೇಳುತ್ತ ಹೋದರು: ಯಾವುದು ಓರೆ, ಯಾವುದರ ತಲೆ ಒಡೆದಿದೆ, ಯಾವುದು ಯಾರ ಹೊಲದ ಬದುವಿನಲ್ಲಿದೆ. ಎರಡು ದಿನ ಬರೆದೆ. ಆ ಪಟ್ಟಿ ಏಕೀಕರಣದವರೆಗೂ ಕಚೇರಿಯ ಕಪಾಟಿನಲ್ಲಿತ್ತು. ಯಾರಾದರೂ ತೆಗೆದು ಓದಿದ್ದನ್ನು ನಾನು ನೋಡಲಿಲ್ಲ.

ಹೊರಡುವಾಗ ಕಾಕಾನ ಹೆಂಡತಿ ಕೋಟು ತಂದುಕೊಟ್ಟರು. ಸಾಬೂನಿನ ವಾಸನೆ ಬರುತ್ತಿತ್ತು. ಹಳ್ಳಕ್ಕೆ ಒಯ್ದು, ಕಲ್ಲಿಗೆ ಬಡಿದು, ಹಿಂಡಿ, ಚೆಂದವಾಗಿ ಮಡಚಿದ್ದರು. ಚೌಕ ಚೌಕಗಳಲ್ಲಿ ಅರಳೆ ನೆಲ್ಲಿಕಾಯಿಯಂತೆ ಗಟ್ಟಿಯಾಗಿತ್ತು.

"ಒಣಗಾಕ ಐದು ದಿನಾ ಹಿಡೀತು ನೋಡ್ರಿ" ಎಂದರು ಅವರು.

ಕಾಕಾ ಬೇರೆ ಕಡೆ ನೋಡುತ್ತ, "ಬ್ಯಾಡ ಅಂದೆ. ಮಂದಿ ಅರಿವಿ ಒಗಿಲಾರದ ಕೊಡಾಕ ಬರ್ತೈತೇನು ಅಂದ್ಲು" ಎಂದರು.

"ಚೊಲೋ ಆಗೇತ್ರಿ" ಎಂದು ನಾನು ಅಲ್ಲಿಯೇ ತೊಟ್ಟುಕೊಂಡೆ. ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿತ್ತು. ಕಾಕಾನ ಹೆಂಡತಿ ಸಂತೋಷದಿಂದ ಇನ್ನೊಂದು ಲೋಟ ಚಹಾ ತಂದರು.

ಬೆಟಗೇರಿಯಲ್ಲಿ ಚಾಚಾನ ಮುಂದೆ ಕೋಟು ಇಟ್ಟು, ಗುಡ್ಡದಲ್ಲಿ ಕಾಕಾಗೆ ಜ್ವರ ಬಂದದ್ದು, ಅದನ್ನು ಅವರಿಗೆ ತೊಡಿಸಿದ್ದು, ಅವರ ಮನೆಯಲ್ಲಿ ಒಗೆದದ್ದು ಹೇಳಿದೆ. ಅವನು ನೆಲ್ಲಿಕಾಯಿಗಳನ್ನು ಒಂದೊಂದಾಗಿ ಹಿಸುಕಿ ನೋಡಿದ.

"ಇದು ಇನ್ನ ಅರಳಂಗಿಲ್ಲ. ಎಲ್ಲಾ ಹೊಸಾದು ಹಾಕಬೇಕು" ಎಂದ. ಆಮೇಲೆ, "ಆ ಹಿರ್ಯಾ ಉಳದಾನಿಲ್ಲೋ?"

"ಉಳದಾರ. ಆರಾಮ ಅದಾರ."

"ಹಂಗಾರ ಆತು" ಎಂದು ಕತ್ತರಿ ಹುಡುಕಲು ಎದ್ದ.