ಕಾಲೊರಸಿನ ಕೆಳಗೆ ಗದ್ದುಗೆ ಕಂಬಳಿ

ವನಜಾಕ್ಷಿಗೆ ಮೆನು ಕಟ್ಟುವುದೆಂದರೆ ಹುಚ್ಚು. ಹೋಟೆಲಿನ ಮೆನು ಅಲ್ಲ. ವೆಬ್‌ಸೈಟ್ ತೆರೆದ ಕೂಡಲೇ ಒಂದರ ಕೆಳಗೊಂದು ಕಾಣುವ ಹೆಸರುಗಳ ಪಟ್ಟಿ. ಯಾವ ಹೆಸರು ಒತ್ತಿದರೆ ಎಲ್ಲಿಗೆ ಹೋಗುತ್ತೇವೆಂದು ದಾರಿ ತೋರಿಸುವುದು ಅದೇ. ಸಿದ್ದಾಪುರದ ಕುರಿ ಕಾಯುವ ಮನೆಯ ಮಗಳು. ಮೊಳಕಾಲ್ಮೂರಿನ ಝೆರಾಕ್ಸ್ ಅಂಗಡಿಯಲ್ಲಿ ಒಂಬತ್ತು ವರ್ಷ ಬೇರೆಯವರ ಅರ್ಜಿ ಟೈಪು ಮಾಡಿ ಬೇಸತ್ತು, ಮೂವತ್ತೆರಡನೆಯ ವಯಸ್ಸಿನಲ್ಲಿ ಚಳ್ಳಕೆರೆಯಲ್ಲೊಂದು ಕೋಣೆ ಹಿಡಿದು ಸ್ವಂತ ಕೆಲಸಕ್ಕೆ ಕೂತಿದ್ದಳು. ವಿಡಿಯೋ ನೋಡಿ ಕಲಿತ ವಿದ್ಯೆ. 'ಈ ಊರಲ್ಲಿ ವೆಬ್‌ಸೈಟ್ ಯಾರಿಗೆ ಬೇಕೇ ತಾಯಿ' ಎಂದು ನಕ್ಕವರೇ ಹೆಚ್ಚು. ನಗುವವರ ಬಾಯಿಗೆ ಬೀಗ ಹಾಕಲಾದೀತೇ?

ಅಂತೂ ಮೊದಲ ದೊಡ್ಡ ಕೆಲಸ ಕೊಟ್ಟಿದ್ದು ಕಂಬಳಿ ನೇಯುವವರ ಸಂಘ. ಅಧ್ಯಕ್ಷ ಯತ್ತಪ್ಪನದು ಒಂದೇ ಮಾತು: "ಶುಕ್ರವಾರ ಎಲ್ಲಾರೂ ನೋಡ್ತೀವಿ. ಮನಸ್ಸಿಗೆ ಬಂದ್ರೆ ಸರಿ, ಇಲ್ಲಾಂದ್ರೆ ಹೊರಗಿನೋರಿಗೆ ಕೊಡ್ತೀವಿ." ಈ ಕೆಲಸ ಕೈತಪ್ಪಿದರೆ ಮತ್ತೊಬ್ಬರು ತನ್ನ ಬಾಗಿಲಿಗೆ ಬರುವುದಿಲ್ಲ, ಝೆರಾಕ್ಸ್ ಅಂಗಡಿಯ ಸ್ಟೂಲೇ ಗತಿ ಎಂಬುದು ಅವಳಿಗೆ ಗೊತ್ತಿತ್ತು.

ಮೆನು ಕಟ್ಟುವ ಸಾಫ್ಟ್‌ವೇರಿನಲ್ಲಿ ಕೆಲಸ ಸುಲಭ. ಹೆಸರು ಬರೆಯಬೇಕು, ಮೌಸಿನಿಂದ ಹಿಡಿದು ಮೇಲಕ್ಕೋ ಕೆಳಕ್ಕೋ ಎಳೆದು ಬಿಡಬೇಕು. ಹೆಚ್ಚು ಮಾರಾಟವಾಗುವುದನ್ನು ಮೇಲಿಡಿ ಎಂದು ವಿಡಿಯೋದವನು ಹೇಳಿದ್ದ. ಸಂಘದಲ್ಲಿ ಹೆಚ್ಚು ಮಾರಾಟವಾಗುವುದು ಉಳಿದ ಉಣ್ಣೆಯಲ್ಲಿ ನೇಯ್ದ ಕಾಲೊರಸು. ಅದನ್ನು ಮೇಲಿಟ್ಟಳು. ಅದರ ಕೆಳಗೆ ಹಾಸುವ ಕಂಬಳಿ, ಹೊದೆಯುವ ಕಂಬಳಿ. ವರ್ಷಕ್ಕೆ ನಾಲ್ಕೋ ಐದೋ ಹೋಗುವ ಗದ್ದುಗೆ ಕಂಬಳಿ ಎಲ್ಲಕ್ಕಿಂತ ಕೆಳಗೆ.

ಶುಕ್ರವಾರ ಬೆಳಿಗ್ಗೆ ಸಂಘದವರೆಲ್ಲ ಲ್ಯಾಪ್‌ಟಾಪ್ ಸುತ್ತ ನೆರೆದರು. ಯತ್ತಪ್ಪ ಕನ್ನಡಕ ಏರಿಸಿ ಓದಿ, ಪರದೆಯ ಮೇಲೆ ಬೆರಳಿಟ್ಟ.

"ಏನವ್ವ ಇದು? ದೇವ್ರ ಗದ್ದುಗೆ ಮ್ಯಾಲೆ ಕಾಲೊರಸು ಹಾಕೀಯಾ?"

"ಅಲ್ಲಜ್ಜ, ಜಾಸ್ತಿ ಮಾರಾಟ ಆಗೋದು ಅದೇ ಅಲ್ವಾ, ಅದಕ್ಕೆ..."

"ಜಾಸ್ತಿ ಸವೆಯೋದು ಚಪ್ಪಲಿ. ಅದನ್ನ ತಲೆ ಮ್ಯಾಲೆ ಇಟ್ಕೊಂಡು ತಿರುಗ್ತೀಯಾ?"

ವನಜಾಕ್ಷಿ ನಾಲಿಗೆ ಕಚ್ಚಿಕೊಂಡಳು. ಗದ್ದುಗೆಗೆ ಹಾಸುವ ಕರಿ ಕಂಬಳಿಯನ್ನು ಮಡಿಯಲ್ಲಿ ನೇಯುತ್ತಾರೆ, ಯಾರೂ ದಾಟುವುದಿಲ್ಲ, ಅದರ ಮೇಲೆ ಇನ್ನೊಂದು ಕಂಬಳಿಯನ್ನೂ ಇಡುವುದಿಲ್ಲ. ಕುರಿಯವರ ಮನೆಯಲ್ಲೇ ಹುಟ್ಟಿದವಳಿಗೆ ಇದು ಹೊಳೆಯಲಿಲ್ಲ! ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಎದ್ದು ಹೋಗಿಬಿಡೋಣ ಅನ್ನಿಸಿತು. ಹೋದರೆ ಎಲ್ಲಿಗೆ?

"ತಪ್ಪಾತಜ್ಜ," ಎಂದಳು. "ವಿಡಿಯೋದೋನ್ನ ಕೇಳ್ದೆ, ನಿಮ್ಮನ್ನ ಕೇಳಲಿಲ್ಲ. ಗಿರಾಕಿ ಬಂದ್ರೆ ಹೆಂಗೆ ಇಟ್ಟು ತೋರಿಸ್ತೀರೋ ಹಂಗೇ ಒಂದ್ಸಲ ಜೋಡಿಸ್ರಿ, ನೋಡ್ತೀನಿ."

ಎದ್ದವಳು ನಾಗಕ್ಕ, ಸಂಘಕ್ಕೆ ನಲವತ್ತು ವರ್ಷದಿಂದ ಉಣ್ಣೆ ನೂತು ಕೊಡುವ ಮುದುಕಿ. "ಕೇಳ್ತಾಳಲ್ಲ, ತೋರಿಸಿದ್ರೆ ಗಂಟೇನು ಹೋಗ್ತೈತೆ?" ಎಂದು ಗೊಣಗುತ್ತ ಗೋದಾಮಿಗೆ ನಡೆದಳು. ಯಾರೋ ಹೇಳಿ ನೇಯಿಸಿದ್ದ ಗದ್ದುಗೆ ಕಂಬಳಿಯನ್ನು ಎರಡೂ ಕೈಯಲ್ಲಿ ಎತ್ತಿ ಮೇಲಿನ ಹಲಗೆಯಲ್ಲಿ ಒಂಟಿಯಾಗಿ ಇಟ್ಟಳು. "ಇದ್ನ ತೋರಿಸಿ ಮಾರೋದಲ್ಲವ್ವ, ಬೇಕಾದೋರು ಬಂದು ಹೇಳಿ ನೇಯಿಸ್ಕೊಂತಾರೆ." ಕೆಳಗಿನ ಹಲಗೆಗೆ ಹೊದೆಯುವವು, ಅದರ ಕೆಳಗಿನದಕ್ಕೆ ಹಾಸುವವು. ಕಾಲೊರಸುಗಳನ್ನು ಬುಟ್ಟಿಗೆ ತುಂಬಿ ಹೊಸ್ತಿಲ ಹತ್ತಿರ ತಳ್ಳಿದಳು.

ವನಜಾಕ್ಷಿ ಲ್ಯಾಪ್‌ಟಾಪನ್ನು ಅಲ್ಲಿಗೇ ತಂದು ಮೂಟೆಯ ಮೇಲೆ ಕೂತಳು. ಗದ್ದುಗೆ ಕಂಬಳಿಯನ್ನು ಎಳೆದು ಪಟ್ಟಿಯ ಮೇಲ್ತುದಿಗೆ ತಂದು, ಅದೊಂದನ್ನೇ ಬೇರೆ ಇಟ್ಟಳು. ಒತ್ತಿದರೆ ಬೆಲೆ ಇಲ್ಲ, ಯತ್ತಪ್ಪನ ಫೋನ್ ನಂಬರು ಮಾತ್ರ. ಉಳಿದವು ನಾಗಕ್ಕ ಇಟ್ಟ ಹಾಗೆಯೇ. ಕಾಲೊರಸನ್ನು ಮೆನುವಿನಿಂದಲೇ ತೆಗೆದು ಪುಟದ ಬುಡಕ್ಕೆ ಇಳಿಸಿದಳು. ಅರ್ಧ ಗಂಟೆಯ ಕೆಲಸ.

ಯತ್ತಪ್ಪ ಈ ಸಲ ತನ್ನ ಫೋನಿನಲ್ಲೇ ತೆರೆದ. ಮೇಲಿನಿಂದ ಬುಡದವರೆಗೆ ಬೆರಳಾಡಿಸಿದ, ಮತ್ತೆ ಮೇಲಕ್ಕೆ ಬಂದ.

"ಹೊರಗಿನೋನಾಗಿದ್ರೆ ನಮ್ಗೇ ಬುದ್ಧಿ ಹೇಳಿ ಹೋಗ್ತಿದ್ದ," ಎಂದ ಉಳಿದವರ ಕಡೆ ತಿರುಗಿ. "ಇವ್ಳು ಕೇಳಿದ್ಳು. ಇವ್ಳೇ ಇರ್ಲಿ."

ಉಳಿದವರೂ ತಲೆದೂಗಿದರು. ಇಷ್ಟು ಸಂತೋಷ ವನಜಾಕ್ಷಿಗೆ ಯಾವತ್ತೂ ಆಗಿರಲಿಲ್ಲ.

"ಮೊಳಕಾಲ್ಮೂರಲ್ಲಿ ನನ್ನ ಗೆಳೆಯ ಓಬಳಪ್ಪ ರೇಷ್ಮೆ ಸೀರೆ ನೇಯ್ತಾನೆ," ಎಂದ ಯತ್ತಪ್ಪ. "ಅವ್ನಿಗೂ ಇಂಥದ್ದು ಬೇಕಂತೆ. ನಿನ್ನ ಹೆಸ್ರು ಹೇಳ್ತೀನಿ. ಹೋದಾಗ ಮೊದ್ಲು ಅವ್ನ ಬೀರು ತೆಗೆಸಿ ನೋಡು, ಆಮ್ಯಾಲೆ ಮೆನು ಕಟ್ಟು."