ಹತ್ತು ಗಂಟೆಯ ಗಂಜಿಗೆ ನಾಲ್ಕೂವರೆಯ ಮಾತ್ರೆ

ಬೆಳಗಿನ ಐದು ಗಂಟೆ. ತಮಿಳುನಾಡಿನ ಬೋಡಿನಾಯಕನೂರಿನ ಜೀಪ್ ಸ್ಟ್ಯಾಂಡಿನಲ್ಲಿ ಏಲಕ್ಕಿ ತೋಟಕ್ಕೆ ಹೊರಟ ಹೆಂಗಸರು ಒತ್ತೊತ್ತಾಗಿ ಕೂತಿದ್ದಾರೆ. ಸರ್ಕಾರಿ ಆರೋಗ್ಯ ಕೇಂದ್ರವೊಂದರ ಫಾರ್ಮಸಿಸ್ಟ್ ಇಂದುಜಾ ಜೀಪಿಂದ ಜೀಪಿಗೆ ಹೋಗಿ ಕೇಳುವುದು ಒಂದೇ: "ಅಕ್ಕಾ, ಸಕ್ಕರೆ ಮಾತ್ರೆ ಬುತ್ತಿಯಲ್ಲಿ ಇಟ್ಕೊಂಡ್ರಾ?"

ಹೀಗೆ ಕೇಳುವಂತಾಗಲು ಒಬ್ಬರು ಬೀಳಬೇಕಾಯಿತು. ಸಕ್ಕರೆ ಕಾಯಿಲೆಯವರ ಚೀಟಿಯಲ್ಲಿ 'ಬೆಳಿಗ್ಗೆ, ಊಟಕ್ಕೆ ಮುಂಚೆ' ಎಂದಿರುತ್ತದೆ. ತೋಟಕ್ಕೆ ಹೋಗುವ ಇವರಿಗೆ ಬೆಳಿಗ್ಗೆ ಎಂದರೆ ನಾಲ್ಕೂವರೆ. ಆಗಲೇ ಮಾತ್ರೆ ನುಂಗಿ, ಬರಿಹೊಟ್ಟೆಯಲ್ಲಿ ಘಾಟಿ ಹತ್ತಿ, ಗಂಜಿ ಕುಡಿಯುವುದು ಹತ್ತಕ್ಕೆ. ಅಷ್ಟರಲ್ಲಿ ರಕ್ತದ ಸಕ್ಕರೆ ಇಳಿದು, ಮೈ ಬೆವೆತು ಕಣ್ಣು ಕತ್ತಲಿಡುತ್ತದೆ. ಬಿದ್ದವರಿಗೆ ಸಿಗುವುದು 'ಔಷಧಿ ಸರಿಯಾಗಿ ತಗೊಳ್ಳಲ್ಲ' ಎಂಬ ಬೈಗುಳ. ನಾಚಿಕೆಯಾಗಬೇಕು ಬೈದವರಿಗೆ! ಹೇಳಿದಂತೆ ನುಂಗಿದ್ದಕ್ಕೇ ಅವರು ಬಿದ್ದದ್ದು.

ಕಳೆದ ಆಡಿಯಲ್ಲಿ, ಅಂದರೆ ಆಷಾಢದಲ್ಲಿ, ತೋಟದ ಕೂಲಿ ಮುತ್ತಮ್ಮಾಳ್ ಹಾಗೆ ಬಿದ್ದು ಸೊಂಟ ಮುರಿದುಕೊಂಡರು. ನೋಡಲು ಹೋದ ಇಂದುಜಾ ಅವರನ್ನು ಆ ಹಿರಿಯರು ಇಬ್ಬರ ಮನೆಮಾತಾದ ಕನ್ನಡದಲ್ಲೇ ಕೇಳಿದರಂತೆ: "ಡಾಕ್ಟ್ರು ಹೇಳ್ದಂಗೇ ತಾನೆ ನುಂಗ್ದೆ ತಾಯಿ, ಮತ್ಯಾಕೆ ಬಿದ್ದೆ?"

ಇಂದುಜಾ ಹತ್ತಿರದ ಕೊಂಬೈ ಊರಿನ ಕನ್ನಡ ಒಕ್ಕಲು ಮನೆಯ ಮಗಳು; ಹನ್ನೊಂದು ವರ್ಷದ ಸೇವೆ. ದಿನಕ್ಕೆ ಇನ್ನೂರು ಚೀಟಿಗೆ ಔಷಧಿ ಕೊಡುವ ಕೈ. ಮರುದಿನವೇ ರಿಜಿಸ್ಟರ್ ತೆಗೆದು, ಸಕ್ಕರೆ ಕಾಯಿಲೆಯವರಲ್ಲಿ ಜೀಪು ಹತ್ತುವವರು ಅರವತ್ತೊಂದು ಜನ ಎಂದು ಪತ್ತೆಮಾಡಿದರು. ಡಾಕ್ಟರಿಗೆ ತೋರಿಸಿದರು. ಅವರು ಪಾಪ, ತಪ್ಪು ಒಪ್ಪಿಕೊಂಡು ಒಬ್ಬೊಬ್ಬರ ಚೀಟಿಯನ್ನೂ ತಿದ್ದಿದರು: ಮಾತ್ರೆ ಇನ್ನು ಬೆಟ್ಟದ ಮೇಲೆ, ಗಂಜಿಯ ಹೊತ್ತಿಗೆ. ಹಳೇ ಅಭ್ಯಾಸ ಬಿಡಿಸಲು ಇಂದುಜಾ ಜೀಪ್ ಸ್ಟ್ಯಾಂಡಿಗೆ ಬರತೊಡಗಿದರು. ಏಳು ತಿಂಗಳಾಯಿತು, ಆ ಅರವತ್ತೊಂದರಲ್ಲಿ ಒಬ್ಬರೂ ಬಿದ್ದಿಲ್ಲ.

ಇದಕ್ಕೆ ಮೇಲಿನ ಕಚೇರಿಯಿಂದ ಬಂದ ಬಹುಮಾನ: ಒಂದು ನೋಟಿಸು. ಕೇಂದ್ರದ ಹೊರಗೆ ಔಷಧಿಯ ಮಾತಾಡುವುದು ನಿಮ್ಮ ಕೆಲಸವಲ್ಲ, ಇನ್ನು ಹೋಗುವುದಿಲ್ಲ ಎಂದು ಸೋಮವಾರದೊಳಗೆ ಬರೆದುಕೊಡಿ, ಇಲ್ಲವೇ ವರ್ಗಾವಣೆ. ಸಹಿ ಹಾಕಿದ ಮಹಾನುಭಾವರು ಒಂದು ದಿನ ಮಾತ್ರೆ ನುಂಗಿ ಬರಿಹೊಟ್ಟೆಯಲ್ಲಿ ಈ ಜೀಪು ಹತ್ತಿ ನೋಡಲಿ. ನನಗಿರುವ ಸಿಟ್ಟಿನಲ್ಲಿ ಕಾಲುಭಾಗವೂ ಇಂದುಜಾ ಅವರ ದನಿಯಲ್ಲಿಲ್ಲ.

ಉತ್ತರ ಬರೆದಿರಾ ಎಂದು ಕೇಳುತ್ತೇನೆ. ಚೀಲದಿಂದ ನಾಲ್ಕು ಹಾಳೆ ತೆಗೆಯುತ್ತಾರೆ.

"ಹೋಗಲ್ಲ ಅಂತ ಬರೀಲಿಲ್ಲ. ಅರವತ್ತೊಂದು ಹೆಸರು ಬರ್ದೆ, ಯಾರು ಎಷ್ಟು ಗಂಟೆಗೆ ಉಣ್ತಾರೆ ಅಂತ ಪಕ್ಕದಲ್ಲಿ ಬರ್ದೆ. ನನ್ನ ಎಲ್ಲಿಗಾದ್ರೂ ಹಾಕ್ಲಿ. ನನ್ನ ಜಾಗಕ್ಕೆ ಬರೋರು ಇದನ್ನ ಓದಿ ಮಾತ್ರೆ ಕೊಟ್ರೆ ಸಾಕು."